ಬೇಯಿಸಿದ ಹಾಸಿಗೆ

ಮೂವತ್ತು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದವಳಿಗೆ ಮೈಮೇಲೆ ಕೆಂಪು ಚುಕ್ಕೆ ಕಂಡರೆ ಮೊದಲು ಹೊಳೆಯುವುದು ತಿಗಣೆ. ಮಗಳು ಹೆರಿಗೆಯಾಗಿ ಕೊಳ್ಳೇಗಾಲದ ನಮ್ಮ ಮನೆಗೆ ಬಂದ ಮರುದಿನ, ಬೆಳಿಗ್ಗೆ ಆರಕ್ಕೆ ಮೊಮ್ಮಗಳ ಬಟ್ಟೆ ಬದಲಿಸುವಾಗ ಕಾಲು, ಹೊಟ್ಟೆಯ ಮೇಲೆಲ್ಲ ಸಾಸಿವೆಗಿಂತ ಸಣ್ಣ ಚುಕ್ಕೆಗಳು. ಆರೂಕಾಲಿಗೆ ತೀರ್ಪು ಕೊಟ್ಟಾಗಿತ್ತು. ಮಗುವಿನ ಹಾಸಿಗೆಯನ್ನು ಸತ್ತೇಗಾಲದ ನಮ್ಮ ಬೀಗಿತ್ತಿ ಬೂರುಗದ ಹತ್ತಿ ತುಂಬಿ ಕೈಯಾರೆ ಹೊಲಿದು ಕೊಟ್ಟಿದ್ದರು. ಆರೂವರೆಗೆ ಅದನ್ನು ಕುದಿಯುವ ಹಂಡೆಯಲ್ಲಿ ಮುಳುಗಿಸಿದೆ.

ಏಳಕ್ಕೆ ಬೀಗಿತ್ತಿ ಮೊಮ್ಮಗಳನ್ನು ನೋಡಲು ಬಂದರು. ಹಂಡೆಯತ್ತ ನೋಡಿದರು.

"ಇದೇನ್ ಬೀಗ್ರೇ, ನನ್ನಾಸ್ಗೆ ಬೇಯಿಸ್ತಿದ್ದೀರಿ? ತಿಂಡಿಗಾ?"

"ತಿಗಣೆ ಇತ್ತು."

"ನಮ್ಮಟ್ಟೀಲಿ ತಿಗಣೆನಾ? ನಿಮ್ ಮಗಳು ಬಸುರೀಲಿ ಪರಂಗಿ ಅಣ್ಣು ತಿಂದವಳೆ, ಉಷ್ಣ ಎದ್ದದೆ ಕಣ್ರಿ!"

ಒಳಗಿನಿಂದ ಮಗಳು ಕೂಗಿದಳು. ಹಿಂದಿನ ದಿನ ಮಗುವಿಗೆ ಲಸಿಕೆ ಚುಚ್ಚಿದ ಕಡೆ ರಕ್ತ ಇನ್ನೂ ಜಿನುಗುತ್ತಿತ್ತು. ಅಲ್ಲಿಟ್ಟ ಹತ್ತಿ ಒದ್ದೆಯಾಗಿದ್ದನ್ನು ಆರಕ್ಕೇ ಕಂಡಿದ್ದೆ. ತಿಗಣೆಯ ಗದ್ದಲದಲ್ಲಿ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಜಗಳ ಅಲ್ಲಿಗೇ ಬಿಟ್ಟು, ತಾಯಿ-ಮಗುವನ್ನು ಕರೆದುಕೊಂಡು ಇಬ್ಬರೂ ಆಟೊ ಹತ್ತಿದೆವು.

ಡಾಕ್ಟರು ಚುಕ್ಕೆಯನ್ನು ಬೆರಳಿನಿಂದ ಒತ್ತಿದರು. ಅದು ಮಾಸಲಿಲ್ಲ. ಮಗುವಿನ ರಕ್ತ ಪರೀಕ್ಷೆ ಮಾಡಿಸಿದರು. ಚರ್ಮದೊಳಗೆ ರಕ್ತ ಸೋರಿದೆ, ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್ ತೀರಾ ಕಡಿಮೆ, ತಲೆಯೊಳಗೆ ಸೋರಿದರೆ ಕಷ್ಟ ಎಂದು ಕೂಡಲೇ ಮೈಸೂರಿಗೆ ಕಳಿಸಿದರು.

ಅಲ್ಲಿನ ಡಾಕ್ಟರು ಕಾರಣ ಹುಡುಕತೊಡಗಿದರು. ಬಸುರಿನಲ್ಲಿ ಜ್ವರ, ಸೋಂಕು? ಬಿ.ಪಿ.? ತಾಯಿಗೂ ಪ್ಲೇಟ್‌ಲೆಟ್ ಕಡಿಮೆಯೇ? ಮಾತ್ರೆಗಳು? ವಾರ್ಡನ್ ಅಭ್ಯಾಸದಲ್ಲಿ ಮಗಳ ಬಸುರಿನ ವಿವರವನ್ನೆಲ್ಲ ಬರೆದಿಟ್ಟಿದ್ದ ಡೈರಿ ತೆರೆದು ನಾನು ಗಂಟೆ ಸಮೇತ ಉತ್ತರಿಸಿದೆ. ಎಲ್ಲಕ್ಕೂ ಇಲ್ಲ.

"ಪರಂಗಿ ಅಣ್ಣು, ಸಾ?" ಎಂದರು ಬೀಗಿತ್ತಿ.

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ."

ಅಷ್ಟರಲ್ಲಿ ಬಂದಿದ್ದ ಅಳಿಯ, ಮಗಳು ಇಬ್ಬರ ರಕ್ತವನ್ನೂ ಪರೀಕ್ಷೆಗೆ ತೆಗೆದರು. ಮಗುವಿನ ತಲೆಯ ಸ್ಕ್ಯಾನ್ ನೋಡಿ ಒಳಗೆ ರಕ್ತ ಸೋರಿಲ್ಲ ಎಂದಾಗ ನನ್ನ ಕೈಯಿಂದ ಡೈರಿ ಜಾರಿ ಬಿತ್ತು. ಅದನ್ನು ಎತ್ತಿಕೊಟ್ಟವರು ಬೀಗಿತ್ತಿ. ಮಗುವಿಗೆ ಪ್ಲೇಟ್‌ಲೆಟ್ ಕೊಟ್ಟರು. ಎಣಿಕೆ ಮೆಲ್ಲಗೆ ಏರಿತು.

ಪರೀಕ್ಷೆಯ ವರದಿ ಬಂದ ಮೇಲೆ ಡಾಕ್ಟರು ವಿವರಿಸಿದರು. ಮಗುವಿನ ಪ್ಲೇಟ್‌ಲೆಟ್ ಮೇಲೆ ತಂದೆಯಿಂದ ಬಂದ ಒಂದು ಗುರುತಿದೆ. ತಾಯಿಗೆ ಆ ಗುರುತಿಲ್ಲ. ಯಾರೋ ಹೊರಗಿನವರು ಎಂದುಕೊಂಡು ತಾಯಿಯ ಮೈ ಅದನ್ನು ಕೊಲ್ಲುವ ಪ್ರತಿಕಾಯ ಮಾಡಿದೆ. ಅದು ಬಸುರಿನಲ್ಲೇ ಮಗುವಿಗೆ ದಾಟಿದೆ. ಯಾರ ತಪ್ಪೂ ಅಲ್ಲ. ಮುಂದಿನ ಬಸುರಿನಲ್ಲಿ ಮೊದಲೇ ತಿಳಿಸಬೇಕು.

"ಅಂದ್ರೆ ನನ್ನ ಮಗಂದು ಸೊಸೆ ಮೈಗೆ ಇಡಿಸ್ನಿಲ್ಲ ಅನ್ನಿ," ಎಂದರು ಬೀಗಿತ್ತಿ. "ಅದಿರ್ಲಿ ಸಾ, ಆಸ್ಗೇಲಿ ತಿಗಣೆ ಇರ್ನಿಲ್ಲ ಅಂತ ಅದೇ ಚೀಟೀಲಿ ಒಂದ್ ಗೆರೆ ಬರ್ಕೊಡಿ."

ಡಾಕ್ಟರು ನಕ್ಕರೇ ಹೊರತು ಬರೆಯಲಿಲ್ಲ. ಮಗು ಮನೆಗೆ ಬಂದ ದಿನ ನಾನೇ ಡೈರಿಯ ಹಾಳೆಯಲ್ಲಿ "ತಿಗಣೆ ಇರಲಿಲ್ಲ" ಎಂದು ಬರೆದು, ಗಂಟೆ ಹಾಕಿ, ಸಹಿ ಮಾಡಿಕೊಟ್ಟೆ. ಬೀಗಿತ್ತಿ ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿ, ಒಣಗಿದ್ದ ಹಾಸಿಗೆಯನ್ನು ಹಿಸುಕಿ ನೋಡಿದರು. ಒಳಗೆ ಹತ್ತಿ ಮುದ್ದೆಮುದ್ದೆಯಾಗಿತ್ತು.

"ಕೂತ್ಕಳಿ ಬೀಗ್ರೇ, ಒಲಿಗೆ ಬಿಚ್ಚಿ," ಎಂದು ಹೊಲಿಗೆಯ ಒಂದು ತುದಿಯನ್ನು ನನ್ನ ಕೈಗಿತ್ತರು. "ನಿಮ್ ಗಂಟೆ ಲೆಕ್ಕ ಸಾಕು. ಇವತ್ತು ಗಡಿಯಾರ ನಂದು."