ಕೆಂಪು ಕಾರಿಗೆ ಒಂದು ಕ್ಲಿಪ್ಪು ಹೆಚ್ಚು

ನನ್ನ ಮಾವನ ಕೆಂಪು ಕಾರನ್ನು ಸರಿಮಾಡುವ ತಾಕತ್ತು ಇಡೀ ತಿರುವನಂತಪುರದಲ್ಲಿ ಒಬ್ಬನಿಗೆ ಮಾತ್ರ ಇತ್ತು. ಆ ಮಹಾಶಯ ಸರ್ಕಾರಿ ಕೆಲಸದಿಂದ ನಿವೃತ್ತನಾಗಿ, ಅದೇ ಊರಿನ ಪಟ್ಟಂನಲ್ಲಿ ಹೆಂಡತಿಯಿಂದ ಬೈಸಿಕೊಳ್ಳುತ್ತಾ ಆರಾಮವಾಗಿದ್ದ. ಹೆಸರು ಹೇಳಿದರೆ ಜಂಬ ಎಂದುಕೊಳ್ಳುತ್ತೀರಿ. ನಾನೇ ಅವನು.

ಕಾರು ಇಂಗ್ಲೆಂಡಿನದು. ಎರಡೇ ಸೀಟು, ತಗ್ಗು ಮೈ, ಬಟ್ಟೆಯ ಮಾಡು. ಮಾವ ಕಾಸರಗೋಡಿನಿಂದ ಕೊಚ್ಚಿಗೆ ವಕೀಲಿಕೆಗೆ ಬಂದ ಹೊಸತರಲ್ಲಿ, ಊರಿಗೆ ಹೊರಟಿದ್ದ ಹಡಗು ಕಂಪನಿಯ ಸಾಹೇಬನೊಬ್ಬನಿಂದ ಕೊಂಡದ್ದು. ಅದರ ಚಂದವೆಲ್ಲ ಎರಡೂ ಪಕ್ಕದಲ್ಲಿ ಉದ್ದಕ್ಕೆ ಓಡುವ ಕ್ರೋಮ್ ಪಟ್ಟಿಯಲ್ಲಿತ್ತು. ಮಾವನಿಗೆ ವಯಸ್ಸಾಗಿ ಓಡಿಸುವುದು ಬಿಟ್ಟ ಮೇಲೆ, ಕೊಚ್ಚಿಯ ಪಾಲಾರಿವಟ್ಟಂನಲ್ಲಿ ವಕೀಲನಾಗಿದ್ದ ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ಕಾರಿಗೆ ಬಣ್ಣ ಹೊಡೆಸಿದ. ಪೇಂಟಿನವನು ಪಟ್ಟಿ ಕೀಳುವಾಗ ಒಳಗಿನ ಕ್ಲಿಪ್ಪುಗಳನ್ನೆಲ್ಲ ಮುರಿದ. ಆಮೇಲೆ ಹಳೆಯ ತೂತುಗಳಿಗೆ ಪುಟ್ಟಿ ತುಂಬಿ, ಒಂದಂಗುಲ ಕೆಳಗೆ ಮನಸ್ಸು ಬಂದಲ್ಲಿ ಹೊಸ ತೂತು ಕೊರೆದು, ತಗಡಿನ ತುಂಡು ಬಗ್ಗಿಸಿ ಸ್ಕ್ರೂ ಹಾಕಿ ಪಟ್ಟಿ ಕೂರಿಸಿದ. ಪಟ್ಟಿ ಹಾವು ಹೊರಟ ಹಾಗೆ ಅಂಕುಡೊಂಕಾಯಿತು. ರಸ್ತೆಯ ಪ್ರತಿ ಉಬ್ಬಿಗೂ ಸ್ಟೀಲ್ ಪಾತ್ರೆ ಬಿದ್ದ ಸದ್ದು.

ಭಾವನಿಗೆ ಅದರ ಚಿಂತೆ ಇರಲಿಲ್ಲ. ಫೋರ್ಟ್ ಕೊಚ್ಚಿಯ ಹೋಟೆಲಿನವನೊಬ್ಬ ಕಾರನ್ನು ಅಂಗಳದಲ್ಲಿ ಶೋಕಿಗೆ ನಿಲ್ಲಿಸಲು ಕೇಳಿದ್ದ. ಇನ್ನು ಅದು ಓಡುವುದಿಲ್ಲ, ಅದರ ಮುಂದೆ ನಿಂತು ಜನ ಫೋಟೋ ತೆಗೆಸಿಕೊಳ್ಳುತ್ತಾರೆ ಎಂದು ತಿಳಿದ ದಿನ ನಾನು ಕೊಚ್ಚಿಗೆ ಬಸ್ಸು ಹತ್ತಿದೆ. ಮಾವನ ಎದುರೇ ಹೇಳಿದೆ, "ನನಗೆ ಕೊಡಿ. ಓಣಂಗೆ ಮೊದಲು ಸರಿಮಾಡಿ ತರ್ತೇನೆ."

"ನಾನು ಓಡಿಸ್ತಿದ್ದ ಹಾಗೇ ಆಗ್ಬೇಕು," ಎಂದರು ಮಾವ. "ಹಾಗಾದ್ರೆ ಕಾರು ನಿಮ್ಮದು. ಆಗದಿದ್ರೆ ಹೋಟೆಲಿನವನದ್ದು."

"ಈ ಭಾವನಿಗೆ ಬಲ್ಬು ಹಾಕ್ಲಿಕ್ಕೆ ಬರುದಿಲ್ಲ," ಎಂದು ಭಾವ ನನ್ನನ್ನು ತೋರಿಸಿ ನಕ್ಕ.

"ಬಲ್ಬು ಯಾರು ಬೇಕಾದ್ರೂ ಹಾಕ್ತಾರೆ ಭಾವಾ. ಇದಕ್ಕೆ ತಲೆ ಬೇಕು. ನಿಮಗೆ ಬೇಡ ಬಿಡಿ."

ಪಟ್ಟಂಗೆ ತಂದು ಪಟ್ಟಿಗಳನ್ನು ಬಿಚ್ಚಿದೆ. ಹಳೆಯ ತೂತು ಎಲ್ಲಿದ್ದವು? ಮೇಲೆಲ್ಲ ಬಣ್ಣ. ಫ್ರಿಜ್ಜಿನ ಬಾಗಿಲಿನಿಂದ ಆನೆ ಚಿತ್ರದ ಮ್ಯಾಗ್ನೆಟ್ ಕಿತ್ತು ತಂದು ಕಾರಿನ ಮೈಮೇಲೆ ಮೆಲ್ಲನೆ ಎಳೆದೆ. ತಗಡು ಇರುವಲ್ಲಿ ಆನೆ ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು, ಪುಟ್ಟಿ ಇರುವಲ್ಲಿ ಕಾಲು ಜಾರುತ್ತಿತ್ತು. ಜಾರಿದಲ್ಲೆಲ್ಲ ಪೆನ್ಸಿಲ್ ಗುರುತು ಹಾಕಿದೆ. ಸಾಲು ನೂಲು ಹಿಡಿದಷ್ಟು ನೇರ ಬಂತು. ಈ ಉಪಾಯ ನನಗೆ ಯಾರೂ ಹೇಳಿಕೊಟ್ಟದ್ದಲ್ಲ ಎಂಬುದನ್ನು ಇಲ್ಲಿ ವಿನಯದಿಂದ ತಿಳಿಸುತ್ತೇನೆ.

ಪುಟ್ಟಿ ಕೆರೆದು ಹಳೆಯ ತೂತುಗಳನ್ನು ತೆರೆದೆ. ಪೇಂಟಿನವನ ತೂತುಗಳನ್ನು ವೆಲ್ಡಿಂಗಿನವನಿಂದ ತುಂಬಿಸಿ, ಉಜ್ಜಿ, ಪುಟ್ಟಿ ಬಳಿದು, ಬಣ್ಣ ಮಾಡಿಸಿದೆ. ಎಡ ಬಾಗಿಲಲ್ಲಿ ಮಾತ್ರ, ಪಟ್ಟಿಯ ತುದಿ ಬರುವ ಜಾಗದಲ್ಲಿ, ಸಾಲಿನ ಲೆಕ್ಕಕ್ಕೆ ಸೇರದ ಒಂದು ತೂತು ಹೆಚ್ಚಿಗೆ ಸಿಕ್ಕಿತು. ಅಚ್ಚುಕಟ್ಟಾದ ತೂತು, ಅಂಚಿಗೆ ಹಿತ್ತಾಳೆಯ ಬಳೆ. ಬಲ ಬಾಗಿಲಲ್ಲಿ ಅಂಥದ್ದಿಲ್ಲ. ಕಂಪನಿಯದ್ದಲ್ಲ ಎಂದು ಗೊತ್ತಾಯಿತು. ಹೇಗೂ ಪಟ್ಟಿಯ ಅಡಿಗೆ ಹೋಗುವ ತೂತು, ಹಾಗೇ ಬಿಟ್ಟೆ.

ಕ್ಲಿಪ್ಪುಗಳನ್ನು ಸ್ಪ್ರಿಂಗ್ ತಗಡಿನಲ್ಲಿ ನಾನೇ ಬಗ್ಗಿಸಿದೆ. ಸದ್ದು ಬಾರದ ಹಾಗೆ, ನೀರು ಇಳಿಯದ ಹಾಗೆ, ಪ್ರತಿಯೊಂದರ ಹಿಂದೆ ರಬ್ಬರ್ ಬೇಕಿತ್ತು. ಒಳ್ಳೆಯ ರಬ್ಬರ್ ಅಡಿಗೆಮನೆಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ ಹೆಂಡತಿ ಕೂಗಿದಳು, "ಇವ್ರೇ, ಕುಕ್ಕರ್ ಎಂತ ಸೀಟಿ ಹಾಕುದಿಲ್ಲ? ಬರೀ ಬುಸ್ ಅಂತದೆ!"

"ಅದಕ್ಕೂ ವಯಸ್ಸಾಯ್ತು ಮಾರಾಯ್ತಿ."

ಅವಳು ಮುಚ್ಚಳ ತೆಗೆದು ನೋಡಿದಳು, ಆಮೇಲೆ ಹೊರಗೆ ಬಂದು ಕಾರು ನೋಡಿದಳು. "ನನ್ನ ಗ್ಯಾಸ್ಕೆಟ್ಟು ಕತ್ತರಿಸಿದ್ರಾ! ನೀವು ಆ ಕಾರಲ್ಲೇ ಅನ್ನ ಮಾಡಿ ಉಣ್ಣಿ." ಅಲ್ಲಿಂದ ಮುಂದೆ ನಮ್ಮ ಮನೆಯ ಅನ್ನ ಬೇಯಲು ಒಂದು ಯುಗ ಬೇಕಾಗುತ್ತಿತ್ತು.

ಓಣಂಗೆ ಮೊದಲಿನ ಭಾನುವಾರ ನಾನೂ ಹೆಂಡತಿಯೂ ಆ ಕಾರಿನಲ್ಲೇ ಕೊಚ್ಚಿಗೆ ಹೊರಟೆವು. ಆಲಪ್ಪುಳದಲ್ಲಿ ಚಾ ಕುಡಿಯುವಾಗ ನನಗೊಂದು ತುಂಟ ಬುದ್ಧಿ ಬಂತು. ಭಾವನಿಗೆ ಫೋನ್ ಮಾಡಿ ಅಳುವ ಸ್ವರ ತೆಗೆದೆ, "ಭಾವಾ, ಪಟ್ಟಿ ಬಿದ್ದುಹೋಯ್ತು. ಮೇಲಿಂದ ಲಾರಿ ಹೋಯ್ತು. ಈಗ ಅದು ದೋಸೆ ಸಟ್ಟುಗ."

"ಅಯ್ಯಯ್ಯೋ," ಎಂದ ಭಾವ. ಅಷ್ಟು ಖುಷಿಯ ಅಯ್ಯಯ್ಯೋ ನಾನು ಬೇರೆ ಕೇಳಿಲ್ಲ.

ಕೊಚ್ಚಿಯಲ್ಲಿ ಮಾವನ ಮನೆಯ ಗೇಟಿನೊಳಗೆ ಹೋದರೆ, ಭಾವ ಕರೆಸಿದ್ದ ಹೋಟೆಲಿನವನು ಬಂದು ಕೂತಾಗಿತ್ತು. ಪಟ್ಟಿ ಬಿಸಿಲಿಗೆ ಮಿಂಚುತ್ತಿತ್ತು, ಒಂದಿಷ್ಟೂ ಸದ್ದಿಲ್ಲ. ಭಾವನ ಮುಖ ಹಳಸಿದ ಸಾಂಬಾರಾಯಿತು.

ಮಾವ ಸುತ್ತು ಬಂದು ನೋಡಿದರು. ಆ ಮನೆಯ ಪದ್ಧತಿ ಒಂದುಂಟು. ರಿಪೇರಿಯಾಗಿ ಬಂದ ಗಾಡಿಗೆ ಮೊದಲು ಮನೆಯ ಹೆಂಗಸು ಹತ್ತಬೇಕು. ಅತ್ತೆ ಒಳ್ಳೆಯ ರೇಷ್ಮೆ ಸೀರೆಯುಟ್ಟು ಬಂದರು. ನಾನು ಎಡ ಬಾಗಿಲು ತೆರೆದು ದೊರೆಯ ಸಾರಥಿಯ ಹಾಗೆ ಬಗ್ಗಿದೆ. ಅತ್ತೆ ಒಂದು ಹೆಜ್ಜೆ ಇಟ್ಟರು. ಸರ್ ಎಂದು ಸದ್ದು. ಬಾಗಿಲಿನ ಪಟ್ಟಿಯ ತುದಿಗೆ ಸೆರಗು ಸಿಕ್ಕಿಕೊಂಡಿತ್ತು.

"ಹಾಂ!" ಎಂದು ಭಾವ ಚಪ್ಪಾಳೆ ತಟ್ಟಿದ.

"ಪುನಃ ಶುರುವಾಯ್ತಾ ಇದು?" ಎಂದರು ಅತ್ತೆ, ಸೆರಗು ಬಿಡಿಸಿಕೊಳ್ಳುತ್ತಾ.

ಮಾವ ನನ್ನನ್ನು ನೋಡಿದರು. "ನಾನು ಓಡಿಸುವಾಗ ಇದು ಸಿಕ್ತಿರ್ಲಿಲ್ಲ. ಮದುವೆಯಾದ ಹೊಸತರಲ್ಲಿ ಇವಳ ಧಾರೆ ಸೀರೆ ಹರಿದದ್ದು ಈ ತುದಿಗೇ. ಆಮೇಲೆ ತುದಿ ಮೈಗೆ ಅಂಟಿ ಕೂರುವ ಹಾಗೆ ಇನ್ನೊಂದು ಕ್ಲಿಪ್ಪು ನಾನೇ ಹಾಕಿದ್ದೆ."

ಹಿತ್ತಾಳೆಯ ಬಳೆ! ಆ ಹೆಚ್ಚಿನ ತೂತು! ಹೋಟೆಲಿನವನು ಎದ್ದು ನಿಂತಿದ್ದ. ನಾನು ಮಾತ್ರ ಏನೂ ಆಗದವನ ಹಾಗೆ ಜೇಬಿನಿಂದ ಉಳಿದ ಕ್ಲಿಪ್ಪೊಂದನ್ನು ತೆಗೆದೆ. ಪಟ್ಟಿಯ ತುದಿಯನ್ನು ಉಗುರಿನಲ್ಲಿ ಎತ್ತಿ, ಕ್ಲಿಪ್ಪನ್ನು ಅದರ ಹಿಂದಕ್ಕೆ ಜಾರಿಸಿ, ತೂತಿಗೆ ಸರಿಯಾಗಿ ಹಿಡಿದು ಅಂಗೈಯಿಂದ ಒತ್ತಿದೆ. ಟಕ್ ಎಂದು ಕೂತಿತು.

"ಅತ್ತೇ, ಈಗ ಬನ್ನಿ."

ಅತ್ತೆ ಬೇಕೆಂದೇ ಸೆರಗನ್ನು ಬಾಗಿಲಿಗೆ ಒರೆಸುತ್ತಾ ಹೋದರು. ರೇಷ್ಮೆ ನೀರಿನ ಹಾಗೆ ಜಾರಿತು. ಅತ್ತೆ ಸೀಟಿನಲ್ಲಿ ಕೂತು ಕಾಲು ಚಾಚಿದರು.

"ಆ ತೂತು ನೀವು ಗೊತ್ತಿದ್ದೇ ಇಟ್ಟದ್ದಾ?" ಎಂದು ಮಾವ ಕೇಳಿದರು.

"ಮತ್ತೆ! ನಿಮ್ಮ ಕೈಕೆಲಸ ಅಂತ ನೋಡಿದ ಕೂಡ್ಲೇ ಗೊತ್ತಾಯ್ತು ಮಾವ. ಹತ್ತುವವರ ಎದುರೇ ಹಾಕುವ ಅಂತ ಇಟ್ಟದ್ದು."

"ಸುಳ್ಳು ಅಪ್ಪಾ," ಎಂದಳು ನನ್ನ ಹೆಂಡತಿ. "ಪುಟ್ಟಿ ಮುಗಿದಿತ್ತು. ಪುನಃ ತರ್ಲಿಕ್ಕೆ ಇವರಿಗೆ ಉದಾಸೀನ."

ಮಾವ ಕೆಮ್ಮು ಬರುವವರೆಗೆ ನಕ್ಕರು. ನಕ್ಕು ಮುಗಿಸಿ ಕೀಲಿಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಅತ್ತೆಯನ್ನು ಕೂರಿಸಿಕೊಂಡು ಬೀದಿಯ ಕೊನೆಯವರೆಗೆ ಹೋಗಿ ಬಂದೆ. ಹೋಟೆಲಿನವನು ಪಾಯಸ ಕುಡಿದು ಹೋದ.

ಊಟವಾದ ಮೇಲೆ ನಾವು ಹೊರಟಾಗ ಭಾವ ಗೇಟಿನ ಹತ್ತಿರ ನಮ್ಮನ್ನು ತಡೆದು ನಿಲ್ಲಿಸಿದ. ಕೈಯಲ್ಲಿ ಹಳದಿ ಪೊಟ್ಟಣ. ಪಾಲಾರಿವಟ್ಟಂ ಜಂಕ್ಷನ್‌ಗೆ ಹೋಗಿ, ಊಟದ ಹೊತ್ತಿಗೆ ದೂರು ಹೇಳಿದ್ದ ತಂಗಿಗೆ ಕುಕ್ಕರಿನ ಹೊಸ ಗ್ಯಾಸ್ಕೆಟ್ ತಂದಿದ್ದ.

"ಇದನ್ನಾದ್ರೂ ಇವರ ಕಣ್ಣಿಗೆ ಬೀಳದ ಹಾಗೆ ಇಡು," ಎಂದ.

ಅವಳು ಅದನ್ನು ಸೆರಗಿನೊಳಗೆ ಕಟ್ಟಿಕೊಂಡು, ಪಟ್ಟಂ ಮುಟ್ಟುವವರೆಗೂ ಮೇಲೆ ಕೈಯಿಟ್ಟೇ ಕೂತಿದ್ದಳು.