ಕೆಂಪಿಲ್ಲದ ರಕ್ತ

ಅರವತ್ತರ ದಶಕದಲ್ಲಿ ಕೊಳ್ಳೇಗಾಲದ ಸಂತೆಯಲ್ಲಿ ಹೊಳೆಮೀನು ಮಾರುತ್ತಿದ್ದ ಆಕೆಯದು ಒಂದೇ ಮಾತು. ಮೀನು ತಾಜಾ ಎನ್ನಲು ಹೆಬ್ಬೆರಳಿನಿಂದ ಅದರ ಕಿವಿರು ಎತ್ತಿ, ಒಳಗಿನ ಕೆಂಪು ತೋರಿಸಿ, “ರಕ್ತ ಸುಳ್ಳೇಳಾಕಿಲ್ಲ ಸಾ” ಎನ್ನುವಳು.

ವಿಜ್ಞಾನದ ಮೇಷ್ಟ್ರಾದ ನನಗೆ ಒಮ್ಮೆ ಬಾಯಿ ತಡೆಯಲಿಲ್ಲ. ದಕ್ಷಿಣ ಧ್ರುವದ ಹಿಮದ ಕಡಲಿನಲ್ಲಿ ಒಂದು ಮೀನಿದೆ, ಅದರ ಕಿವಿರು ಹಾಲಿನಂತೆ ಬಿಳುಪು, ರಕ್ತ ತಿಳಿನೀರು ಎಂದೆ. ಆಕೆ ತಕ್ಕಡಿ ಕೆಳಗಿಟ್ಟು, ಸಂತೆಯ ಗದ್ದಲದಾಚೆ ಆ ಕಡಲು ಕಾಣುತ್ತಿದೆಯೇನೋ ಎಂಬಂತೆ ನೋಡಿದಳು.

“ಬದುಕ್ತದಾ ಸಾ, ಅದು?”

“ಬದುಕುತ್ತೆ. ಮೊಟ್ಟೆನೂ ಇಡುತ್ತೆ.”

ಆಮೇಲೆ ಪ್ರತಿ ಸಂತೆಗೂ ಅದೇ ಪ್ರಶ್ನೆ. ನಾನು ನಗುತ್ತ ಹೂಂ ಎನ್ನುತ್ತಿದ್ದೆ.

ಒಂದು ವಾರದ ಸಂತೆಯಲ್ಲಿ ಆಕೆಯ ಹಿಂದೆ, ಬೇವಿನ ಮರದಡಿ, ತುಂಬುಬಸುರಿ ಮಗಳು ಕೂತಿದ್ದಳು. ತುಟಿ, ಉಗುರು ಎಲ್ಲ ಬಿಳಿಚಿದ್ದವು.

“ಮೈಯಾಗೆ ರಕ್ತಾನೇ ಇಲ್ಲ ಅಂದ್ರು ಡಾಕ್ಟ್ರು. ಆ ಮೀನಿನ ಕತೆ ಇವ್ಳಿಗೂ ಏಳಿ ಸಾ.”

ಹೇಳಿದೆ. ಮಗಳು ಕಣ್ಣರಳಿಸಿ ಕೇಳಿದಳು. ಕೊರೆಯುವ ಆ ನೀರಿನಲ್ಲಿ ಆಮ್ಲಜನಕ ಧಾರಾಳವಾಗಿ ಕರಗಿರುತ್ತದೆ, ಅದಕ್ಕೇ ಆ ಮೀನಿಗೆ ಕೆಂಪು ಬೇಡ, ಬೇರೆ ನೀರಿನಲ್ಲಿ ಅದು ಬದುಕದು ಎಂಬುದನ್ನು ಮಾತ್ರ ನುಂಗಿಕೊಂಡೆ. ಬೇವಿನ ನೆರಳಿನಲ್ಲೂ ನೆಲ ಸುಡುತ್ತಿತ್ತು.