ಕಂಡಕ್ಟರಮ್ಮ ಹೇಳದ ಮಾತು

ನಿಂತ ನೆಲವೇ ಅಲುಗಾಡುತ್ತಿದೆಯೇನೋ ಎಂಬಂತೆ ಅವರು ಸದಾ ಕಾಲು ಅಗಲಿಸಿ ನಿಲ್ಲುತ್ತಿದ್ದರು. ಹಾಲು ಕಾಯಿಸುವಾಗಲೂ ಹಾಗೆ, ಗೇಟಿನ ಬಳಿ ಸೊಪ್ಪು ಆರಿಸುವಾಗಲೂ ಹಾಗೆ. ಸೊಂಟವನ್ನು ಗೋಡೆಗೋ ಕಂಬಕ್ಕೋ ಒಂದಿಷ್ಟು ಆನಿಸಿಕೊಂಡರೆ ಎರಡು ಕೈಯೂ ಕೆಲಸಕ್ಕೆ ಸಿಗುತ್ತಿದ್ದವು. ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳಿನಷ್ಟು ಇಳಿದಿತ್ತು. ಚರ್ಮದ ಬ್ಯಾಗು ತೂಗಿ ತೂಗಿ ಆದದ್ದು. ಸಿಟಿ ಬಸ್ಸಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಟಿಕೆಟ್ ಕೊಟ್ಟು ನಿವೃತ್ತರಾದವರು. ಬಾಗಲಗುಂಟೆಯ ನಮ್ಮ ಬೀದಿಗೆಲ್ಲ ಅವರು ಕಂಡಕ್ಟರಮ್ಮ. ಪಕ್ಕದ ಮನೆಯವಳಾದ ನನಗೆ ಅಕ್ಕ.

ಹುಟ್ಟಿದ್ದು ಅಬ್ಬಿಗೆರೆಯಲ್ಲಿ, ಅದಿನ್ನೂ ಹಳ್ಳಿಯಾಗಿದ್ದಾಗ. ಅವರ ಮಾತಿನಲ್ಲಿ ಹಕಾರವೇ ಇರಲಿಲ್ಲ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುವವಳೆಂದು ಗೊತ್ತಾದ ದಿನ, "ನನ್ ಮಾತು ಕೇಳಿ ಬೇಜಾರ್ ಮಾಡ್ಕಬ್ಯಾಡಿ ಮೇಡಂ. ಬಸ್ಸಲ್ಲಿ ಯಾರೂ ಕಂಪ್ಲೇಂಟ್ ಕೊಟ್ಟಿಲ್ಲ" ಅಂದಿದ್ದರು. ಬೀದಿಯಲ್ಲಿ ಇಬ್ಬರು ಜಗಳಕ್ಕೆ ನಿಂತರೆ ನಡುವೆ ಹೋಗಿ, "ಮುಂದಕ್ ಓಗಿ, ಮುಂದಕ್ ಓಗಿ, ಇಂದೆ ಜನ ಅವ್ರೆ" ಎಂದುಬಿಡುವರು. ಜಗಳ ಅರ್ಧ ಅಲ್ಲೇ ಮುಗಿಯುತ್ತಿತ್ತು.

ಅವರು ನೀರು ಕುಡಿಯುತ್ತಿದ್ದುದು ಬಹಳ ಕಡಿಮೆ. ಉಪ್ಪಿಟ್ಟು ತಿಂದರೂ ಎರಡೇ ಗುಟುಕು. ಒಮ್ಮೆ ಕೇಳಿದೆ.

"ಅಭ್ಯಾಸ ತಪ್ಪೋಯ್ತು ಮೇಡಂ. ಲಾಸ್ಟ್ ಸ್ಟಾಪಲ್ಲಿ ಡ್ರೈವರ್ರು ಕಾಂಪೌಂಡ್ ಗೋಡೆ ತಾವ ಓಗಿ ಬರ್ತಿದ್ರು. ನಾನೆಲ್ಲಿಗ್ ಓಗ್ಲಿ? ಅದ್ಕೆ ಡ್ಯೂಟೀಲಿ ನೀರೇ ಕುಡೀತಿರ್ಲಿಲ್ಲ." ಆ ಹೊತ್ತಿಗಾಗಲೇ ಅವರ ಮೂತ್ರಪಿಂಡ ಅರ್ಧ ಸೋತಿತ್ತು.

ಕೆಲವು ವರ್ಷಗಳ ಹಿಂದೆ ಹೆಬ್ಬಾಳದ ಕಡೆಯ ದೊಡ್ಡ ಹೋಟೆಲೊಂದರಲ್ಲಿ ದಿಲ್ಲಿಯ ಸರ್ಕಾರದವರು ರಾಷ್ಟ್ರೀಯ ವಿಚಾರ ಸಮಾವೇಶ ಏರ್ಪಡಿಸಿದರು. ದೇಶ ಮುಂದೆ ಹೇಗಿರಬೇಕೆಂದು ಸಾಮಾನ್ಯ ಜನರನ್ನೇ ಕೇಳುವುದಂತೆ. ಕನ್ನಡದವರ ಮಾತನ್ನು ಇಂಗ್ಲಿಷಿಗೆ ಹೇಳಿ ಬರೆದುಕೊಡಲು ನನ್ನನ್ನು ಕರೆದಿದ್ದರು. ಅದೇ ಕಚೇರಿಯಿಂದ ಒಂದು ಮಧ್ಯಾಹ್ನ ಮತ್ತೆ ಫೋನ್ ಬಂತು. "ಮೇಡಂ, ನಿಮ್ಮ ಏರಿಯಾದಲ್ಲಿ ಯಾರಾದ್ರೂ ಸಾಮಾನ್ಯ ನಾಗರಿಕರು ಇದ್ರೆ ಹೇಳಿ. ಲೇಡೀಸ್ ಆದ್ರೆ ಒಳ್ಳೇದು. ಸಂಜೆಯೊಳಗೆ ಲಿಸ್ಟ್ ಕಳಿಸ್ಬೇಕು." ಮುಂದಿನ ತರಗತಿಗೆ ಗಂಟೆ ಹೊಡೆದಿತ್ತು. ಅಕ್ಕನ ಹೆಸರು ಹೇಳಿ ಫೋನ್ ಇಟ್ಟೆ.

ಸಂಜೆ ವಿಷಯ ತಿಳಿಸಿದಾಗ ಅವರು ಕೇಳಿದ್ದು ಒಂದೇ. "ನನ್ನನ್ನ ಆರ್ಸಿದ್ದು ಯಾರು?"

"ನಾನೇ ಅಕ್ಕ. ಹೆಸರು ಕೇಳಿದ್ರು, ಕೊಟ್ಟೆ."

"ನೀವೊಬ್ರೇನಾ? ಅಂಗಾದ್ರೆ ನಾನು ನಿಮ್ ಪರ ಮಾತಾಡ್ಬೇಕು. ಜನದ ಪರ ಅಂತ ಎಂಗ್ ಏಳ್ಲಿ?"

ನಾನು ನಕ್ಕೆ. ಅವರು ನಗಲಿಲ್ಲ. ಮರುದಿನವೇ ಒಂದು ನೋಟ್‌ಬುಕ್ ಕೊಂಡು ಜಾಲಹಳ್ಳಿ ಕ್ರಾಸಿನಿಂದ ಯಶವಂತಪುರದ ಬಸ್ ಹತ್ತಿದರು. ಹತ್ತು ದಿನ ಅದೇ ಕೆಲಸ. ಪಕ್ಕದ ಸೀಟಿನವರನ್ನು ಮಾತಿಗೆಳೆದು, "ದಿಲ್ಲಿಯವ್ರು ಕೇಳ್ತಾವ್ರೆ, ಏನ್ ಏಳ್ಲಿ?" ಎನ್ನುವುದು. ಕೆಲವರು ಫೋನಿನಿಂದ ತಲೆಯನ್ನೇ ಎತ್ತಲಿಲ್ಲ. ಒಬ್ಬಾಕೆ ಯಾವುದೋ ಯೋಜನೆಗೆ ಹೆಸರು ಬರೆಸುತ್ತಿದ್ದಾರೆಂದುಕೊಂಡು ಆಧಾರ್ ಜೆರಾಕ್ಸ್ ಕೈಗಿಟ್ಟಳಂತೆ. ಆದರೂ ಐವತ್ತಕ್ಕೂ ಹೆಚ್ಚು ಜನ ಮಾತಾಡಿದರು.

ಸಮಾವೇಶದ ಹಿಂದಿನ ದಿನ ಅಕ್ಕ ಆ ನೋಟ್‌ಬುಕ್ ತೆರೆದುಕೊಂಡು ನಮ್ಮ ಜಗಲಿಯ ಮೇಲೆ ಕುಳಿತರು. "ಒಬ್ರು ರೋಡ್ ಅಗ್ಲ ಮಾಡಿ ಅಂತಾರೆ. ಅದೇ ರೋಡಲ್ಲಿ ಅಂಗ್ಡಿ ಇರೋರು ಬ್ಯಾಡ ಅಂತಾರೆ. ಇಬ್ರೂ ಪಬ್ಲಿಕ್ಕೇ ಅಲ್ವಾ ಮೇಡಂ? ಯಾರ್ ಮಾತ್ ತಗಂಡೋಗ್ಲಿ?"

"ನಿಮಗೆ ಸರಿ ಅನ್ಸಿದ್ದು ಹೇಳಿ ಅಕ್ಕ."

"ಅಷ್ಟಕ್ಕೆ ಇವ್ರನ್ನೆಲ್ಲ ಯಾಕ್ ಕೇಳ್ಬೇಕಿತ್ತು?"



ಹೋಟೆಲಿನಲ್ಲಿ ದುಂಡು ಮೇಜುಗಳು, ಕೊರೆಯುವ ಏಸಿ. ನಮ್ಮ ಮೇಜಿಗೆ ಸಂಚಾರದ ವಿಷಯ. ಎಂಟು ವಿಚಾರಗಳನ್ನು ಮೊದಲೇ ಅಚ್ಚು ಹಾಕಿಸಿದ ದೊಡ್ಡ ಹಾಳೆಯೊಂದನ್ನು ಹರಡಿದರು. ಒಬ್ಬೊಬ್ಬರಿಗೆ ಮೂರು ಹಸಿರು ಸ್ಟಿಕ್ಕರ್. ಇಷ್ಟವಾದ ವಿಚಾರದ ಮುಂದೆ ಅಂಟಿಸಬೇಕು. ನಾನು ಎಂಟನ್ನೂ ಕನ್ನಡದಲ್ಲಿ ಓದಿ ಹೇಳಿದೆ. ಅಕ್ಕ ಕೇಳಿಸಿಕೊಂಡು, "ಇದ್ರಲ್ಲಿ ಇಲ್ದೇ ಇರೋದು ಏಳ್ಬೋದಾ?" ಅಂದರು. ದಿಲ್ಲಿಯಿಂದ ಬಂದಿದ್ದ ಯುವತಿ ನಗುತ್ತಾ ಹಾಳೆಯ ಕೆಳತುದಿಯನ್ನು ತೋರಿಸಿದಳು. ಅಲ್ಲಿ 'ಇತರೆ' ಎಂದು ಬೆಂಕಿಪೊಟ್ಟಣದಷ್ಟು ಜಾಗವಿತ್ತು. ಅಕ್ಕ ಸ್ಟಿಕ್ಕರ್ ಮೂರನ್ನೂ ಮೇಜಿನ ಮೇಲೆಯೇ ಇಟ್ಟರು.

ಕೊನೆಗೆ ಮೈಕು ಬಂತು. ಎರಡು ನಿಮಿಷ. ಅಕ್ಕ ಎದ್ದು ನೋಟ್‌ಬುಕ್ ನೋಡಿಕೊಂಡು ಓದತೊಡಗಿದರು. ರಸ್ತೆ ಬೇಕೆಂದವರ ಮಾತು, ಬೇಡವೆಂದವರ ಮಾತು, ಎರಡನ್ನೂ. ನಡುವೆ ಒಮ್ಮೆ ತಲೆಯೆತ್ತಿ ಹೇಳಿದರು: "ಪ್ರತಿ ಬೀದಿ ಮುಂದೂ ಬಸ್ ನಿಲ್ಸಿ ಅಂತ ತುಂಬಾ ಜನ ಏಳವ್ರೆ. ಕಂಡಕ್ಟರಾಗಿದ್ದ ನಂಗೆ ಇದು ಒಪ್ಗೆ ಇಲ್ಲ. ಅಂಗ್ ನಿಲ್ಸುದ್ರೆ ಬಸ್ಸು ಊರು ಸೇರಲ್ಲ. ಆದ್ರೂ ಅವ್ರು ಏಳಿದ್ದನ್ನ ಏಳ್ತಿದೀನಿ."

ಸಭೆ ನಕ್ಕಿತು. ಎರಡನೆಯ ಪುಟಕ್ಕೆ ಹೋಗುವಷ್ಟರಲ್ಲಿ ಗಂಟೆ ಹೊಡೆಯಿತು. ವೇದಿಕೆಯ ಮೇಲಿದ್ದ ಅಧಿಕಾರಿ, ಒಳ್ಳೆಯ ಮನುಷ್ಯನೇ ಇರಬೇಕು, "ನಿಮಗೆ ಸ್ವಂತಕ್ಕೆ ಏನು ಬೇಕಮ್ಮ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಅಕ್ಕ ನನ್ನ ಮುಖ ನೋಡಿದರು. ಅವರ ಮನಸ್ಸಿನಲ್ಲಿದ್ದುದು ಏನೆಂದು ಆ ಸಭೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

"ನಂದು ಬ್ಯಾಡಿ. ಅದಕ್ಕೆ ನನ್ನನ್ನ ಯಾರೂ ಕಳ್ಸಿಲ್ಲ," ಎಂದು ಕುಳಿತುಬಿಟ್ಟರು.

ವರದಿಗೆ ಒಬ್ಬೊಬ್ಬರ ಮಾತನ್ನು ಒಂದೇ ವಾಕ್ಯದಲ್ಲಿ ಬರೆದುಕೊಡಬೇಕಿತ್ತು. ಒಂದಕ್ಕೊಂದು ಹೊಂದದ ಅಷ್ಟು ಮಾತುಗಳನ್ನು ಒಂದು ವಾಕ್ಯಕ್ಕೆ ಹೇಗೆ ತರಲಿ? ನಾನು ಬರೆದೆ: ಬಸ್ಸುಗಳು ತಿರುಗುವ ಕೊನೆಯ ನಿಲ್ದಾಣಗಳಲ್ಲಿ ಹೆಂಗಸರಿಗೆ ಶೌಚಾಲಯ ಬೇಕು. ಅವರ ಮೇಲಿನ ಪ್ರೀತಿಯಿಂದಲೇ ಬರೆದೆನೋ, ಕೆಲಸ ಸುಲಭವಾಗಲೆಂದು ಬರೆದೆನೋ, ಇಂದಿಗೂ ಗೊತ್ತಿಲ್ಲ.

ಕೆಲವು ತಿಂಗಳ ಮೇಲೆ ಮಿರುಗುವ ಪುಸ್ತಿಕೆ ಬಂತು. ಅಕ್ಕನ ಫೋಟೋ, ಅದರ ಕೆಳಗೆ ನನ್ನ ವಾಕ್ಯ. ಓಡಿಹೋಗಿ ತೋರಿಸಿ, ಕನ್ನಡದಲ್ಲಿ ಹೇಳಿದೆ.

"ಇದು ನಾನ್ ಏಳಿಲ್ವಲ್ಲ," ಅಂದರು.

"ನಿಜ ತಾನೇ ಅಕ್ಕ?"

"ನಿಜಾನೇ. ನಿಜ ಅಂತ ನೀವ್ ಬರ್ದುಬುಟ್ರೆ ನಾನ್ ಏಳ್ದಂಗಾಯ್ತದಾ? ಬಸ್ಸಲ್ಲಿ ಅವ್ರೆಲ್ಲ ಕೇಳುದ್ರೆ ಏನನ್ಲಿ? ನಿಮ್ ಮಾತು ಬುಟ್ಟು ನನ್ ಕಷ್ಟ ಏಳ್ಕಂಡ್ ಬಂದೆ ಅನ್ಲಾ?" ದನಿ ಏರಿರಲಿಲ್ಲ. ಏರಿದ್ದರೆ ಚೆನ್ನಾಗಿತ್ತು.

ಮತ್ತೆ ಬಸ್ ಹತ್ತಿದರು. ಸಿಕ್ಕಿದವರಿಗೆಲ್ಲ ಸುದ್ದಿ ಮುಟ್ಟಿಸುವುದು. ಒಂದು ದಿನ ನಾನೂ ಜೊತೆಗೆ ಹೋದೆ. ಬುಟ್ಟಿ ಇಟ್ಟುಕೊಂಡು ಕುಳಿತಿದ್ದ ಹೆಂಗಸೊಬ್ಬಳ ಬಳಿ ನಿಂತು, "ನಿಮ್ದು ಏಳ್ದೆ ಕಣವ್ವ. ಬುಕ್ಕಲ್ಲಿ ಬಂದಿಲ್ಲ" ಅಂದರು. ಆಕೆಗೆ ನೆನಪೇ ಇರಲಿಲ್ಲ. "ಓ, ಅದಾ? ಬಿಡಮ್ಮ ಅತ್ಲಾಗೆ" ಎಂದು ಕಿಟಕಿಯ ಕಡೆ ತಿರುಗಿದಳು. ಪುಸ್ತಿಕೆಗೆ ಬರೆದುಕೊಟ್ಟವಳು ನಾನೇ ಎಂದು ಅಕ್ಕ ಅವತ್ತೂ ಹೇಳಲಿಲ್ಲ, ಆಮೇಲೆಯೂ ಯಾರ ಬಳಿಯೂ ಹೇಳಲಿಲ್ಲ. ನಾನು ಕಂಬಿ ಹಿಡಿದು ತಲೆ ತಗ್ಗಿಸಿ ನಿಂತಿದ್ದೆ.

ಮರುವರ್ಷ ಅಕ್ಕನ ಬಸ್ಸು ತಿರುಗುತ್ತಿದ್ದ ನಿಲ್ದಾಣದಲ್ಲೇ ಹೆಂಗಸರ ಶೌಚಾಲಯ ಎದ್ದಿತು. ಆ ವಾಕ್ಯದ ದೆಸೆಯಿಂದಲೇ ಎಂದು ಒಬ್ಬ ಅಧಿಕಾರಿ ಹೇಳಿದರು. ಇಲ್ಲ, ಅದು ಹಳೆಯ ಯೋಜನೆ ಎಂದು ಇನ್ನೊಬ್ಬರು ಹೇಳಿದರು. ಅಕ್ಕ ಹೋಗಿ ನೋಡಿ ಬಂದರು.

"ಚೆನ್ನಾಗೈತೆ. ನಲ್ಲೀಲಿ ನೀರೂ ಬತ್ತದೆ." ನಮ್ಮ ಜಗಲಿಯ ಮೇಲೆ ಕುಳಿತು, "ಇದಕ್ಕೇನ್ ಅನ್ಬೇಕೋ ಗೊತ್ತಾಯ್ತಿಲ್ಲ ಮೇಡಂ" ಅಂದರು. ಇಬ್ಬರೂ ಅಲ್ಲೇ ಕುಳಿತಿದ್ದೆವು.

ಈ ವರ್ಷ ಅಕ್ಕ ಹೋಗಿಬಿಟ್ಟರು. ಡಯಾಲಿಸಿಸ್ ಅವರನ್ನು ಹೆಚ್ಚು ದಿನ ಉಳಿಸಲಿಲ್ಲ. ತಿಥಿಯ ದಿನ, ಊಟದ ಎಲೆ ಎತ್ತುವ ಹೊತ್ತಿಗೆ, ಕೊರಳಲ್ಲಿ ಗಾರ್ಮೆಂಟ್ಸಿನ ಗುರುತಿನ ಚೀಟಿ ಹಾಕಿಕೊಂಡಿದ್ದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಿದ್ದಳು. ಮನೆಯವರಾರಿಗೂ ಪರಿಚಯವಿಲ್ಲ. ನಾನು ಹೋಗಿ ಮಾತಾಡಿಸಿದೆ.

"ಕಂಡಕ್ಟರಮ್ಮ ಬಸ್ಸಲ್ಲಿ ನನ್ನನ್ನೂ ಕೇಳಿದ್ರು ಮೇಡಂ, ಏನ್ ಬೇಕು ಅಂತ. ಯೋಚ್ನೆ ಮಾಡಿ ಹೇಳ್ತೀನಿ ಅಂದಿದ್ದೆ. ಆಮೇಲೆ ಸಿಗ್ಲೇ ಇಲ್ಲ. ಹೋಗ್ಬಿಟ್ರು ಅಂತ ಬಸ್ಸಲ್ಲೇ ಗೊತ್ತಾಯ್ತು." ಅದನ್ನೀಗ ಹೇಳಿದಳು. "ಬಸ್ಸಿನ ಮೊದಲ್ನೇ ಮೆಟ್ಲು ತಗ್ಗಲ್ಲಿರ್ಬೇಕು. ನಮ್ಮತ್ತೆಗೆ ಕಾಲು ಎತ್ತೋಕಾಗಲ್ಲ. ಅದಕ್ಕೇ ಆಸ್ಪತ್ರೆಗೆ ಹೋಗೋದೇ ಬಿಟ್ಬಿಟ್ರು. ಇದನ್ನ ಈಗ ಯಾರಿಗೆ ಹೇಳ್ಬೇಕು?"

ಒಳಗಿನಿಂದ ಒಂದು ಹಾಳೆ ತಂದು, ಮೆಟ್ಟಿಲ ಮೇಲೆ ಅವಳ ಪಕ್ಕ ಕುಳಿತು ಬರೆದುಕೊಂಡೆ. ಬರೆದದ್ದನ್ನು ಓದಿ ಹೇಳಿದೆ: ಬಸ್ಸಿನ ಮೊದಲ ಮೆಟ್ಟಿಲು ತಗ್ಗಿನಲ್ಲಿರಬೇಕು, ವೃದ್ಧರಿಗೆ ಕಾಲು ಎತ್ತಲು ಆಗುವುದಿಲ್ಲ.

"ವೃದ್ಧರು ಅಂತ ನಾನ್ ಹೇಳ್ಲಿಲ್ಲ ಮೇಡಂ," ಅಂದಳು. "ನಮ್ಮತ್ತೆ ಅಂದೆ."

ಅದನ್ನು ಹೊಡೆದುಹಾಕಿ, 'ನಮ್ಮತ್ತೆಗೆ' ಎಂದು ಬರೆದೆ.